ಎಲೆಕ್ಟ್ರಾನ್ ಮೋಡದ ಈರಣ್ಣ ಸರ್

ಸಂಶಿ ಬಸ್ ನಿಲ್ದಾಣದೆದುರು ಫಕ್ಕೀರಪ್ಪ ಕಾಕಾನ ಚಹಾದಂಗಡಿ. ಒಲೆಯ ಮುಂದೆ ಕಾಕಾ, ಬೆಂಚಿನ ಮೇಲೆ ನಾನು ಮತ್ತು ಈರಣ್ಣ ಸರ್. ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಮೇಜಿನ ಮೇಲೆ ಒಂದು ಕೊಳವೆ ಬರೆಯದಿದ್ದರೆ ಸರ್‌ಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವರು ಊರ ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕರು. ಕೂದಲು ನರೆತರೂ ಅತಿಥಿಯೇ. ಅಷ್ಟು ದೀರ್ಘ ಮರ್ಯಾದೆ ನಮ್ಮಲ್ಲಿ ಅಳಿಯನಿಗೂ ಸಿಗುವುದಿಲ್ಲ. ಡಾಕ್ಟರೇಟ್ ಆಗದಿದ್ದರೆ ಬರುವ ವರ್ಷ ತರಗತಿಯಿಲ್ಲ ಎಂದು ಕಾಲೇಜು ಹೇಳಿತ್ತು. ಅವರ ಪ್ರಬಂಧವೋ, ಕಣ ವೇಗವರ್ಧಕದೊಳಗಿನ ಎಲೆಕ್ಟ್ರಾನ್ ಮೋಡದ ಮೇಲೆ. ಕಡಲೆ ಬಿತ್ತುವ ಸೀಮೆಗೆ ಇದಕ್ಕಿಂತ ಜರೂರಿನ ವಿಷಯ ಇನ್ನೇನಿದೆ?

“ಆ ಯಂತ್ರದ ಕೊಳವಿಯೊಳಗ ಪ್ರೋಟಾನ್ ಗುಂಪುಗುಂಪಾಗಿ ಓಡ್ತಾವ್ರಿ ಕಾಕಾ. ಅಲ್ಲೇ ಉಂಡಾಡಿ ಎಲೆಕ್ಟ್ರಾನ್ ಇರ್ತಾವ. ಅವು ಹೋಗಿ ಗ್ವಾಡಿಗೆ ಬಡದ್ರ, ಒಂದಕ್ಕ ಎರಡು ಉದುರ್ತಾವ. ಹಂಗ ಬೆಳದು ಮೋಡ ಆಗಿ, ಓಡೂ ಪ್ರೋಟಾನಿನ ದಾರಿ ಕೆಡಸ್ತಾವ.”

“ಅಂದ್ರ ನಮ್ಮ ಕಟ್ಟಿ ಮ್ಯಾಲಿನ ಸುದ್ದಿ ಇದ್ದಂಗ.”

“ಕಟ್ಟಿ ಸುದ್ದಿ ಒಂದಕ್ಕ ಹತ್ತಾಗತೈತ್ರಿ. ಎಲೆಕ್ಟ್ರಾನಿಗೆ ಅಷ್ಟು ಹುರುಪಿಲ್ಲ.”

“ಆ ಯಂತ್ರ ನೀವು ನೋಡೀರೇನ್ರಿ?”

“ಇಲ್ಲ. ನೀವು ನರಕ ನೋಡಿ ಬಂದು ವರ್ಣನಾ ಮಾಡ್ತೀರೇನು?”

ವಿಶ್ವವಿದ್ಯಾಲಯದಲ್ಲಿ ನಡೆಯುವ ಪ್ರಬಂಧದ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಬರಬಹುದೆಂದು ಸರ್ ಮರ್ಯಾದೆಗೆ ಹೇಳಿದರು. ನಾವು ಒಂದು ಟೆಂಪೊ ತುಂಬ ಹೋದೆವು. ಹೊರಗಿನಿಂದ ಬಂದವರಿಗೆ ಮೊದಲ ಸನ್ಮಾನ ಎಂಬುದು ನಮ್ಮ ರೂಢಿ. ಪ್ರಶ್ನೆ ಶುರುವಾಗುವ ಮುಂಚೆಯೇ ಕಾಕಾ ಹೊರಗಿನಿಂದ ಬಂದ ಪರೀಕ್ಷಕರ ತಲೆಗೆ ಪೇಟ ಸುತ್ತಿಬಿಟ್ಟರು. ಲಂಚದ ವಾಸನೆ ಬಡಿದವರಂತೆ ಆ ಮನುಷ್ಯ ಬಿಗಿಯಾದರು.

“ಕೊಳವೆಯ ಗೋಡೆ ಪೆಟ್ಟು ತಿಂದು ತಿಂದು ಪಳಗುತ್ತದೆ, ಆಮೇಲೆ ಕಡಿಮೆ ಎಲೆಕ್ಟ್ರಾನ್ ಉದುರಿಸುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿದ್ದೀರಾ?” ಎಂದು ಕೇಳಿದರು.

ಸರ್ ಸುಮ್ಮನಾದರು. ಭಾಷಣಕಾರ ಸುಮ್ಮನಾದನೆಂದರೆ ಭಾಷಣ ಮುಗಿಯಿತು ಎಂದೇ ತಿಳಿದವರು ನಾವು. ಚಪ್ಪಾಳೆ ಹೊಡೆದೆವು. ಕಾಕಾ ಎದ್ದು ಹೋಗಿ ಮಾಲೆ ಹಾಕಿದರು. ಕೊರಳ ತುಂಬ ಸೇವಂತಿಗೆ ಹೊತ್ತು ಸರ್ ಮೆಲ್ಲಗೆ, “ಇಲ್ಲ ಸರ್, ಆ ಲೆಕ್ಕ ಮಾಡಿಲ್ಲ” ಎಂದರು. ಮಾಡಿಕೊಂಡು ಬನ್ನಿ ಎಂದು ಪರೀಕ್ಷಕರು ಕಳಿಸಿದರು.

ಟೆಂಪೊ ಊರ ಕಡೆ ತಿರುಗಿತು. ಕುಂದಗೋಳ ದಾಟಿದ ಮೇಲೆ ಕಾಕಾ ಕೇಳಿದರು: “ನಾವು ಬರಬಾರದಿತ್ತೇನ್ರಿ?”

“ಛೇ, ಚಲೋ ಆತ್ರಿ. ನಪಾಸಾಗಿ ಸತ್ಕಾರ ಮಾಡಿಸ್ಕೊಂಡಾಂವ ಜಿಲ್ಲಾದಾಗ ನಾ ಒಬ್ಬನ.”

ಮುಂದಿನ ಸಲ ಅವರು ಯಾರಿಗೂ ಹೇಳದೆ ಹೋದರು. ಡಾಕ್ಟರ್ ಆಗಿ ಬಂದರು. ಅಷ್ಟರಲ್ಲಿ ಊರ ಕಾಲೇಜಿನ ತರಗತಿ ಬೇರೆಯವರ ಪಾಲಾಗಿತ್ತು. ಕಲಘಟಗಿಯ ಕಾಲೇಜೊಂದು ಅವರನ್ನು ಕರೆಯಿತು, ಅಲ್ಲಿಯೂ ಅತಿಥಿಯಾಗಿ.

ಹೊರಡುವ ದಿನ ಟ್ರಂಕು ಇಡಲೆಂದು ಬಸ್ ಹತ್ತಿದ ಕಾಕಾ ಇಳಿಯಲೇ ಇಲ್ಲ. ಸರ್ ಪಕ್ಕದಲ್ಲಿ ಕೂತು, ಅವರು ಕಲಘಟಗಿ ಬಸ್ ಹಿಡಿಯಬೇಕಿದ್ದ ಹುಬ್ಬಳ್ಳಿಯವರೆಗೆ ಟಿಕೆಟ್ ತೆಗೆಸಿದರು. ಹುಬ್ಬಳ್ಳಿಯಲ್ಲಿ ಕಾಕಾನಿಗೆ ಯಾವ ಕೆಲಸವೂ ಇರಲಿಲ್ಲ.