ನಾವು ಸಾಬೂನು ಮಾಡಿದ ರಜೆ

ನನ್ನ ಅತ್ತೆ ಚೊಂಬನ್ನು ತುಟಿಗೆ ಮುಟ್ಟಿಸಿ ನೀರು ಕುಡಿದವರಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಚೊಂಬನ್ನು ಒಂದು ಗೇಣು ಮೇಲೆತ್ತಿ, ನೇರವಾಗಿ ಗಂಟಲಿಗೆ ಸುರಿದುಕೊಳ್ಳುತ್ತಿದ್ದರು. ನಾಲ್ಕು ಗುಟುಕು ಒಳಗೆ ಹೋದ ಮೇಲೆಯೇ ಬಾಯಿ ಮುಚ್ಚುತ್ತಿದ್ದದ್ದು. ನಮ್ಮದು ತಮಿಳು ಸೀಮೆಯ ಕನ್ನಡದ ಮನೆ. ಪಾಲಕೋಡ್ ಮಂಡಿಯಲ್ಲಿ ಟೊಮೇಟೊ ವಿಂಗಡಿಸುವ ಕೆಲಸ ಅವರದು. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಿಸಿಲಿನಲ್ಲಿ ವಾಪಸು ಬರುತ್ತಿದ್ದರು. ಬಂದವರು ಜಗಲಿಯ ಮೂಲೆಯ ಮಣ್ಣಿನ ಹಂಡೆಯ ಹತ್ತಿರ ಹೋಗಿ ನೀರು ಕುಡಿದ ಮೇಲೆಯೇ ಚಪ್ಪಲಿ ಬಿಡುತ್ತಿದ್ದರು.

ನಾನು ಆಗ ನಲ್ಲಂಪಳ್ಳಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಬೇಸಿಗೆ ರಜೆಯಲ್ಲಿ ಇಬ್ಬರು ಹೆಣ್ಣುಮಕ್ಕಳೂ ಮೊಬೈಲಿಗೆ ಅಂಟಿಕೊಂಡು ಕೂರುವುದನ್ನು ನೋಡಲಾರದೆ, ವಾರಕ್ಕೊಂದು ಹೊಸ ಕೆಲಸ ಎಂದು ಶುರು ಮಾಡಿದೆ. ಹಳೆಯ ಪೇಪರ್ ನೆನೆಸಿ ಮೆಂತ್ಯ ಸೇರಿಸಿ ಅರೆದು ಬಟ್ಟಲು ಮಾಡಿದೆವು. ತೆಂಗಿನ ಚಿಪ್ಪು ಉಜ್ಜಿ ದೀಪ ಮಾಡಿದೆವು. ಹರಿದ ಸೀರೆ ಹೆಣೆದು ಕಾಲೊರೆಸು ಮಾಡಿದೆವು. ಒಂದೊಂದರ ಫೋಟೋವನ್ನೂ ಸ್ಟೇಟಸ್‌ಗೆ ಹಾಕುತ್ತಿದ್ದೆ. ಚೆನ್ನಾಗಿದೆ ಎಂದು ಹತ್ತು ಜನ ಹೇಳಿದರೆ ಮುಂದಿನ ವಾರ ಇನ್ನೂ ದೊಡ್ಡದೇನಾದರೂ ಮಾಡಬೇಕು ಅನ್ನಿಸುತ್ತಿತ್ತು. ಹಾಗೇ ಸಾಬೂನಿಗೆ ಬಂದೆವು.

ತೆಂಗಿನೆಣ್ಣೆ, ನೀರು, ಕಾಸ್ಟಿಕ್ ಸೋಡಾ. ವೀಡಿಯೋದಲ್ಲಿ ಮೂರೇ ಸಾಮಾನು. ಧರ್ಮಪುರಿಯಿಂದ ಸೋಡಾ ತರಿಸಿದೆ. ಬಿಳಿಯ ಹಕ್ಕಳೆಗಳಂತೆ ಇತ್ತು. ನೀರಿಗೆ ಹಾಕಿದರೆ ಬೆಂಕಿಯಿಲ್ಲದೆಯೇ ಕುದಿಯುವಷ್ಟು ಬಿಸಿಯಾಗುತ್ತದೆ, ಹೊಗೆ ಏಳುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ, ಮೂಗಿಗೆ ಬಟ್ಟೆ ಕಟ್ಟಿ ನಾನೇ ಕಲಸಿದೆ. ಅಷ್ಟರಮಟ್ಟಿಗೆ ಎಚ್ಚರ ಇತ್ತು. ಆದರೆ ಮೊದಲ ಸಲ ಅಳತೆ ತಪ್ಪಿತು. ಆ ನೀರನ್ನು ಪ್ಲಾಸ್ಟಿಕ್ ಮಗ್ಗಿನಲ್ಲಿ ಹಾಗೇ ಇಟ್ಟು, ಎರಡನೆಯ ಸಲ ಸರಿಯಾಗಿ ತೂಗಿ ಕಲಸಿಕೊಂಡೆ. ಎಣ್ಣೆಗೆ ಸುರಿದು ತಿರುವುತ್ತಾ ಕೂತೆ. ತಿರುವುವುದನ್ನು ನಿಲ್ಲಿಸಬಾರದು ಎಂದು ವೀಡಿಯೋದಲ್ಲಿ ಹೇಳಿದ್ದರು. ಅಷ್ಟರಲ್ಲಿ ಬಣ್ಣ ಕಲಸಲು ಮಗ್ಗು ಬೇಕಾಯಿತು.

ಹಿರಿಯವಳಿಗೆ ಆಗ ಹತ್ತು ವರ್ಷ.

"ಮಗಾ, ಆ ಮಗ್ಗಲ್ಲಿ ಇರಾದ ಯಾವುದಾದ್ರೂ ಸ್ಟೀಲ್ ಪಾತ್ರೇಗ್ ಉಯ್ದು ಆಕಡೆ ಮಡಗು. ಅಲುಮಿನಿಯಂ ಬ್ಯಾಡ, ಸ್ಟೀಲೇ ಆಗ್ಬೇಕು. ಕೈಗ್ ಬೀಳ್ಸ್‌ಕೋಬ್ಯಾಡ" ಅಂದೆ.

ನಾನು ಹೇಳಿದ್ದನ್ನು ಅವಳು ಅಕ್ಷರಕ್ಕೆ ಅಕ್ಷರ ಮಾಡಿದಳು. ಒಂದು ಹನಿಯನ್ನೂ ಕೈಗೆ ಬೀಳಿಸಿಕೊಳ್ಳಲಿಲ್ಲ. ಮನೆಯಲ್ಲಿ ಕೈಗೆ ಸಿಕ್ಕಿದ ಸ್ಟೀಲ್ ಪಾತ್ರೆ ಚೊಂಬು. ಮಗ್ಗು ತಂದುಕೊಟ್ಟು ತಂಗಿಯ ಜೊತೆ ಅಚ್ಚುಗಳಿಗೆ ಎಣ್ಣೆ ಸವರಲು ಕೂತಳು. ಎಲ್ಲಿಟ್ಟೆ ಎಂದು ನಾನು ಕೇಳಲಿಲ್ಲ. ತಣ್ಣಗಾದ ಮೇಲೆ ಆ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅತ್ತೆ ಬಂದದ್ದು ನನಗೆ ಕೇಳಿಸಿತು. "ಏನ್ ಬಿಸ್ಲಪ್ಪಾ ಇದು, ತಾಂಗ ಮುಡಿಯಲ" ಎಂದು ತಡೆಯಲಾರದೆ ಗೊಣಗಿದ್ದೂ ಕೇಳಿಸಿತು. ಆಮೇಲೆ ಚೊಂಬು ನೆಲಕ್ಕೆ ಬಿದ್ದ ಸದ್ದು. ನಾನು ಹೊರಗೆ ಬರುವಷ್ಟರಲ್ಲಿ ಅವರು ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು ಮೊಣಕಾಲೂರಿದ್ದರು. ಬಾಯಿಂದ ನೊರೆ ಬರುತ್ತಿತ್ತು. ನೆಲದ ಮೇಲೆ ಚೆಲ್ಲಿದ್ದು ನನ್ನ ಪಾದಕ್ಕೆ ತಾಗಿ ಜಾರಿತು, ಆ ಜಾರುವಿಕೆಯಿಂದಲೇ ನನಗೆ ತಿಳಿದುಹೋಯಿತು.

ಪಕ್ಕದ ಮನೆಯವಳು ಓಡಿಬಂದಳು. "ಉಪ್ಪು ನೀರ್ ಕುಡ್ಸು, ವಾಂತಿ ಮಾಡ್ಸು, ಸೀಕ್ರಂ!" ಎಂದು ಅವಸರಪಡಿಸುತ್ತಾ ಕೂಗಿದಳು. ಕುಡಿಸಿದೆ. ಬೆರಳು ಹಾಕಿ ವಾಂತಿ ಮಾಡಿಸಿದೆ. ರಕ್ತ ಬಂತು. ವಾಂತಿ ಮಾಡಿಸಬಾರದಿತ್ತು, ಇಳಿಯುವಾಗ ಒಮ್ಮೆ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಟ್ಟಿದೆ ಎಂದು ಸೇಲಂ ಆಸ್ಪತ್ರೆಯ ಡಾಕ್ಟರು ಆಮೇಲೆ ಹೇಳಿದರು. ಬೈಯಲಿಲ್ಲ. ಇನ್ನೊಬ್ಬರಿಗೆ ಹೀಗಾದರೆ ಗೊತ್ತಿರಲಿ ಎಂಬಂತೆ ಹೇಳಿದರು.

ನನ್ನ ಗಂಡ ಕೆಲಸದಿಂದ ನೇರವಾಗಿ ಆಸ್ಪತ್ರೆಗೆ ಬಂದ. ಏನಾಯಿತು ಎಂದು ಕೇಳಿದ. ವರಾಂಡದಲ್ಲಿ ನಿಂತು ಹೇಳಿದೆ: "ನಾನೇ ಚೊಂಬಲ್ಲಿ ಉಯ್ದು ಮರ್ತುಬಿಟ್ಟೆ." ಆ ಮಾತು ಯೋಚಿಸಿ ಆಡಿದ್ದಲ್ಲ. ಆದರೆ ಒಮ್ಮೆ ಆಡಿದ ಮೇಲೆ ಎಲ್ಲರಿಗೂ ಅದನ್ನೇ ಆಡಿದೆ. ಅವನಿಗೆ, ಅವನ ಚಿಕ್ಕಮ್ಮನಿಗೆ, ಡಾಕ್ಟರಿಗೆ, ಮೂರನೆಯ ದಿನ ಬಂದ ಮಹಿಳಾ ಪೊಲೀಸಿಗೆ.

ಆ ಪೊಲೀಸು ನನ್ನ ಮಾತನ್ನು ಬರೆದುಕೊಂಡಳು. ಆಮೇಲೆ ನನ್ನನ್ನು ಆಚೆ ಕಳಿಸಿ, ಬಾಗಿಲು ತೆರೆದಿಟ್ಟು, ಅತ್ತೆಯ ಹತ್ತಿರ ಬಗ್ಗಿ ಕೇಳಿದಳು: "ಅಮ್ಮಾ, ನೀಂಗಳೇ ಕುಡಿಚ್ಚೀಂಗಳಾ? ಇಲ್ಲ ಯಾರಾವದು ಕುಡುತ್ತಾಂಗಳಾ?" ನೀವೇ ಕುಡಿದಿರಾ, ಯಾರಾದರೂ ಕೊಟ್ಟರಾ ಎಂದು. ಅತ್ತೆಗೆ ದನಿ ಇರಲಿಲ್ಲ. ಮೂಗಿನಲ್ಲಿ ಟ್ಯೂಬು. ಡ್ರಿಪ್ ಹಾಕದ ಕೈಯನ್ನು ಎತ್ತಿ ಚೊಂಬು ಹಿಡಿದಂತೆ ತೋರಿಸಿದರು, ಬಾಯಿಗೆ ಸುರಿದುಕೊಂಡಂತೆ ಮಾಡಿದರು, ಆಮೇಲೆ ತಮ್ಮ ಹಣೆಯನ್ನೇ ತಟ್ಟಿಕೊಂಡರು. ಮೂರು ಸಲ ಹಾಗೆ ಮಾಡಿದರು.

"ತಣ್ಣಿನ್ನು ನೆನಚ್ಚು ಕುಡಿಚ್ಚಿಟ್ಟಾಂಗ" ಎಂದು ಪೊಲೀಸು ತನಗೆ ತಾನೇ ಹೇಳಿಕೊಳ್ಳುತ್ತಾ ನೀರೆಂದು ತಿಳಿದು ಕುಡಿದರು ಎಂದೇ ಬರೆದಳು.

ಊರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಸೊಸೆ ಕೊಟ್ಟಳು ಅಂದರು. ಕೆಲವರು ಅತ್ತೆಯೇ ಸಾಯಲು ಕುಡಿದಳು ಅಂದರು. ಬಾವಿ ಕಟ್ಟೆಯ ಹತ್ತಿರ ಹೆಂಗಸರು ನನ್ನನ್ನು ಕಂಡು ತಮಿಳಿಗೆ ತಿರುಗುತ್ತಿದ್ದರು, ತಮಿಳು ನನಗೆ ಬಾರದೇನೋ ಎಂಬಂತೆ. ನಾನು ಯಾರಿಗೂ ಎದುರು ಹೇಳಲಿಲ್ಲ. ನನ್ನ ಮೇಲೆ ಬಿದ್ದಷ್ಟೂ ಮಗಳ ಮೇಲೆ ಬೀಳುವುದಿಲ್ಲ ಎಂಬ ಲೆಕ್ಕ ನನ್ನದು.

ಅತ್ತೆ ಮನೆಗೆ ಬಂದಾಗ ಹೊಟ್ಟೆಗೆ ತೂತು ಕೊರೆದು ಟ್ಯೂಬು ಹಾಕಿದ್ದರು. ಅನ್ನನಾಳ ಗಾಯ ಒಣಗುತ್ತಾ ಮುಚ್ಚಿಕೊಳ್ಳುತ್ತಿತ್ತು. ಮುದ್ದೆಯನ್ನು ಹಿಡಿ ಹಿಡಿ ನುಂಗುತ್ತಿದ್ದ ಹೆಂಗಸಿಗೆ ಈಗ ಸೋಸಿದ ಗಂಜಿಯನ್ನು ಸಿರಿಂಜಿನಲ್ಲಿ ಹೊಟ್ಟೆಗೇ ಬಿಡಬೇಕು. ನನ್ನ ಕೈಕೆಲಸವೆಲ್ಲ ಅದಕ್ಕೇ ಹೋಯಿತು. ಮೆತ್ತನೆಯ ಹಳೆಯ ಲಂಗ ಕತ್ತರಿಸಿ, ಟ್ಯೂಬಿನ ತುದಿ ಮಡಚಿಡಲು ಚೀಲವಿರುವ ಸೊಂಟಪಟ್ಟಿ ಹೊಲಿದೆ. ಒಂದು ಒಗೆದು ಹಾಕಿದರೆ ಇನ್ನೊಂದು ಇರಲಿ ಎಂದು ನಾಲ್ಕು. ಪಂಚೆಯ ಬಟ್ಟೆಯನ್ನು ತಂತಿಯ ಬಳೆಗೆ ಕಟ್ಟಿ ಗಂಜಿ ಸೋಸುವ ಜರಡಿ ಮಾಡಿದೆ. ಗಂಡ ಮುರಿದ ಛತ್ರಿಯ ಕೋಲನ್ನು ಮಂಚದ ಕಾಲಿಗೆ ಕಟ್ಟಿ ಗಂಜಿ ಬಾಟಲಿ ತೂಗುಹಾಕುವ ಕೊಕ್ಕೆ ಮಾಡಿದ. ಇವುಗಳ ಫೋಟೋವನ್ನು ಯಾರೂ ತೆಗೆಯಲಿಲ್ಲ.

ಗಂಜಿ ಸೋಸುವ ಕೆಲಸವನ್ನು ಹಿರಿಯವಳು ತೆಗೆದುಕೊಂಡಳು. ಯಾರೂ ಹೇಳಿರಲಿಲ್ಲ. ಸ್ಕೂಲಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಒಂದು ನುಚ್ಚು ಕೂಡ ಉಳಿಯದಂತೆ ಮೂರು ಸಲ ಸೋಸುತ್ತಿದ್ದಳು. ಅಜ್ಜಿಗೆ ಮಾತಿಲ್ಲ, ಓದಲೂ ಬರದು ಎಂದು ಹಳೆಯ ಮದುವೆ ಕಾಗದಗಳ ಹಿಂದೆ ಚಿತ್ರ ಬರೆದು ಕಾರ್ಡು ಮಾಡಿದಳು. ಫ್ಯಾನು, ಹೊದಿಕೆ, ಹೊಟ್ಟೆ ನೋವು, ಕಕ್ಕಸು, ದೇವರು, ಟೀವಿ. ಅಜ್ಜಿ ಬೇಕಾದದ್ದನ್ನು ಬೆರಳಿನಿಂದ ತೋರಿಸುತ್ತಿದ್ದರು. ಒಂದು ದಿನ ಆ ಕಾರ್ಡುಗಳನ್ನು ಜೋಡಿಸಿಡುತ್ತಾ ಇದ್ದಾಗ ನೋಡಿದೆ, ಎಲ್ಲ ಇತ್ತು, ನೀರಿನದು ಇರಲಿಲ್ಲ.

"ನೀರಿಂದು ಬರೀಲೇ ಇಲ್ವಲ್ಲ ಮಗಾ?"

"ಕಾಗ್ದ ಆಗೋಯ್ತು" ಅಂದಳು. ಕಟ್ಟಿನಲ್ಲಿ ಇನ್ನೂ ಐದಾರು ಕಾಗದ ಇತ್ತು.

ಅವತ್ತೇ ಅವಳನ್ನು ಕೂರಿಸಿಕೊಂಡು ಮಾತಾಡಬೇಕಿತ್ತು. ಮಾತಾಡಲಿಲ್ಲ. ಅವಳಿಗೆ ನೆನಪಿದೆ ಎಂದು ಗೊತ್ತಾದರೆ ನಾನು ಏನು ಮಾಡಬೇಕೋ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಾಗದಂತೆಯೇ ಇದ್ದೆ.

ಕೆಲವು ವಾರಗಳಿಗೊಮ್ಮೆ ಸೇಲಂಗೆ ಹೋಗಿ ಅತ್ತೆಯ ಗಂಟಲಿಗೆ ಕೊಳವೆ ತೂರಿಸಿ ಹಿಗ್ಗಿಸಿಕೊಂಡು ಬರುತ್ತಿದ್ದೆವು. ಹಿಗ್ಗಿಸಿದ ಮೇಲೆ ಸ್ವಲ್ಪ ದಿನ ನೀರು, ಮಜ್ಜಿಗೆ ಇಳಿಯುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ದನಿ ಅರ್ಧ ಬಂತು, ಗೀರಿದ ಹಾಗೆ. ಮೂರನೆಯ ವರ್ಷ ಹೀಗೇ ವಾಪಸು ಬರುವಾಗ ತೊಪ್ಪೂರು ಘಾಟಿನಲ್ಲಿ ಲಾರಿ ಮಗುಚಿ ಬಸ್ಸು ನಿಂತಿತು. ಅತ್ತೆ ಕಿಟಕಿಯ ಆಚೆ ನೋಡುತ್ತಿದ್ದವರು ನನ್ನ ಕಡೆ ತಿರುಗದೆಯೇ ಅಂದರು:

"ಅಮ್ಮಿ, ಆ ಮಗೀಗೆ ಏಳ್ಬ್ಯಾಡ."

"ಏನ್ನ ಅತ್ತೆ?"

"ಚೊಂಬು ಮಡಗಿದ್ ಅವ್ಳು ಅಂತ. ಬೀದಿ ತಿರುವಲ್ಲಿ ಬರಾವಾಗ್ಲೇ ನೋಡ್ದೆ. ಎರಡು ಕೈಯಾಗ್ ಇಡ್ಕೊಂಡು ಮೆಲ್ಲಗೆ ಬಂದು ಅಂಡೇ ಪಕ್ಕ ಮಡಗಿ ಒಳೀಕ್ ಓದ್ಲು. ನಾನ್ ಬರಾದ ನೋಡಿ ನೀರ್ ಮಡಗವ್ಳೆ, ಎಂಗ್ ಬುದ್ಧಿ ಬಂದೈತೆ ಮಗೀಗೆ ಅಂದ್ಕೊಂಡೆ."

ಮೊಮ್ಮಗಳು ತನಗಾಗಿ ಇಟ್ಟ ನೀರು ಎಂಬ ಸಂತೋಷದಿಂದ ಅವರು ಅದನ್ನು ಎತ್ತಿಕೊಂಡಿದ್ದರು. ನನಗೆ ಅಲ್ಲಿಯವರೆಗೂ ಅಳು ಬಂದಿರಲಿಲ್ಲ. ಬಸ್ಸಿನಲ್ಲಿ ಎಲ್ಲರ ಎದುರು ಅತ್ತುಬಿಟ್ಟೆ. ಅವರು ನನ್ನ ತೊಡೆಯ ಮೇಲೆ ಕೈಯಿಟ್ಟರು. ಮೂರು ವರ್ಷ ನಾವಿಬ್ಬರೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬಂದಿದ್ದೆವು.

ಮರುವರ್ಷ ಮಾರ್ಗಳಿಯ ಚಳಿಯಲ್ಲಿ ಅವರಿಗೆ ಕಫ ಕಟ್ಟಿತು. ಉಗುಳು ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತಿತ್ತಂತೆ. ಒಂದು ವಾರ ಜ್ವರದಲ್ಲಿದ್ದು ಹೋದರು. ಬಾಯಿಗೆ ಹಾಲುತುಪ್ಪ ಬಿಡುವಾಗ ಹಿರಿಯವಳು ಮುಂದೆ ಬರಲಿಲ್ಲ. ಕಂಬ ಹಿಡಿದು ನಿಂತಿದ್ದಳು. ಯಾರೋ ತಳ್ಳಿದರೂ ಬರಲಿಲ್ಲ.

ತಿಥಿ ಮುಗಿದು ನೆಂಟರು ಹೋದ ಮೇಲೆ, ಒಂದು ಭಾನುವಾರ ಬೆಳಗ್ಗೆ, ನಾನು ಅಟ್ಟದ ಮೇಲಿನ ಸಾಮಾನು ಇಳಿಸುತ್ತಿದ್ದೆ. ಹಿರಿಯವಳು ಕೆಳಗೆ ಏಣಿ ಹಿಡಿದಿದ್ದಳು. ಅಲ್ಲಿಂದಲೇ ಹೇಳಿದಳು: "ಅಮ್ಮಾ, ಅದ್ನ ಚೊಂಬಿಗ್ ಉಯ್ದಿದ್ ನಾನು."

ನಾನು ಇಳಿದು ಬಂದೆ. "ನೀನ್ ಚಿಕ್ಕೋಳು. ನಾನ್ ಏಳ್ದಂಗೆ ಮಾಡ್ದೆ. ತಪ್ಪು ನಂದು" ಅಂದೆ. ಈ ದಿನಕ್ಕೆಂದೇ ವರ್ಷಗಳಿಂದ ಬಾಯಿಪಾಠ ಮಾಡಿದಂತೆ ಬಂತು ಆ ಮಾತು.

ಅವಳು ತಲೆ ಅಲ್ಲಾಡಿಸಿದಳು. ಹದಿನಾಲ್ಕು ವರ್ಷದ ಮುಖದಲ್ಲಿ ಕೋಪ ಇತ್ತು.

"ಎಲ್ಲಾರ್ಗೂ ನೀನೇ ಏಳ್ಬಿಟ್ಟೆ. ಅಪ್ಪಂಗೆ, ಪೊಲೀಸಿಗೆ, ಎಲ್ಲಾರ್ಗೂ. ನನ್ನ ಒಬ್ರೂ ಕೇಳ್ಲಿಲ್ಲ. ಅಜ್ಜಿ ಸಾಯಾಗಂಟ ಒಬ್ರೂ ಕೇಳ್ಲಿಲ್ಲ. ಸಾರಿ ಅಂತ ಸೊಲ್ಲಕ್ಕೂಡ ವಿಡಲ ನೀನು."

ಕ್ಷಮೆ ಕೇಳಲೂ ಬಿಡಲಿಲ್ಲ ಅಂದಳು. ನಾನು ಅವಳನ್ನು ಉಳಿಸಿದೆ ಎಂದುಕೊಂಡಿದ್ದೆ. ಒಂದೇ ಸೂರಿನ ಕೆಳಗೆ, ಅಜ್ಜಿಗೆ ಎರಡು ಹೊತ್ತು ಗಂಜಿ ಸೋಸುತ್ತಾ, ಆ ಮಾತನ್ನು ಒಬ್ಬಳೇ ಹೊತ್ತುಕೊಂಡಿರಲು ಬಿಟ್ಟಿದ್ದೆ. ಅಜ್ಜಿಗೂ ಗೊತ್ತಿತ್ತು ಎಂದು ಹೇಳಲೇ ಬೇಡವೇ ಎಂದು ಒಂದು ಕ್ಷಣ ತಡೆದೆ. ಅತ್ತೆಗೆ ಕೊಟ್ಟ ಮಾತೇನೂ ಇರಲಿಲ್ಲ, ಆದರೂ ಕೊಟ್ಟಂತೆಯೇ ಇತ್ತು. ಆಮೇಲೆ ಹೇಳಿದೆ, ಬಸ್ಸಿನಲ್ಲಿ ಅವರಾಡಿದ್ದನ್ನು ಒಂದೂ ಬಿಡದೆ. ನೀರು ಇಟ್ಟಿದ್ದಾಳೆ ಎಂದುಕೊಂಡದ್ದನ್ನೂ ಹೇಳಿದೆ. ಅದನ್ನು ಬಿಡಬಹುದಿತ್ತೋ ಏನೋ. ಅವಳು ಅಲ್ಲೇ ಏಣಿಯ ಬುಡದಲ್ಲಿ ಕುಸಿದು ಕೂತಳು.

ಅವಳ ಪಕ್ಕದಲ್ಲಿ ಕೂತು ನಾನು ಕೇಳಿದೆ: "ಅವತ್ತು ಏನೇನ್ ಆಯ್ತು ಅಂತ ನಂಗ್ ಏಳು."

ಹೇಳಿದಳು. ಮೊದಲಿನಿಂದ ಹೇಳಿದಳು. ನಡುವೆ ನಾನು ಬಾಯಿ ಹಾಕಲಿಲ್ಲ. ಹೇಳಿ ಮುಗಿಸಿದಾಗ ಇಬ್ಬರಿಗೂ ಹಗುರವಾಯಿತು ಎಂದರೆ ಸುಳ್ಳಾಗುತ್ತದೆ. ಎದ್ದು ಮುಖ ತೊಳೆದುಕೊಂಡಳು. ಮರುದಿನ ಗಣಿತದ ಪರೀಕ್ಷೆ ಇತ್ತು. ತಂಗಿಯನ್ನು ಆಚೆ ಕಳಿಸಿ ಪುಸ್ತಕ ತೆಗೆದುಕೊಂಡು ಕೂತಳು.