ಕೆರೆಯ ಮೇಲೆ ಐದು ಮಕ್ಕಳ ಅವ್ವ

ನಮ್ಮ ಅತ್ತೆಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಬಲಗಿವಿಯಲ್ಲಿ ಬೆಂಡೋಲೆ, ಎಡಗಿವಿಯಲ್ಲಿ ಆ ಸೀಳು. ನಕ್ಕರೆ ಬಲಗಡೆ ಬಂಗಾರ ಮಿಣುಕುತ್ತಿತ್ತು, ಎಡಗಡೆ ಎರಡು ತುಣುಕು ಚರ್ಮ ಅಲ್ಲಾಡುತ್ತಿತ್ತು. ಹೊಲಿಸಿಕೊಂಡರೆ ಕೂಡುತ್ತದೆ ಎಂದು ಹಿರೇಕೆರೂರಿನ ಅಕ್ಕಸಾಲಿಯಿಂದ ಹಿಡಿದು ಡಾಕ್ಟರರವರೆಗೆ ಎಲ್ಲರೂ ಹೇಳಿದ್ದರು. ಅತ್ತೆ ಒಪ್ಪಲಿಲ್ಲ.

"ಇದನ್ನ ಹೊಲಿಸಿದ್ರ ಮರತಬಿಡ್ತೇನಿ. ಮರೀಬಾರದು," ಎನ್ನುತ್ತಿದ್ದಳು.

ಆಕೆ ನನ್ನ ಅಪ್ಪನ ಅಕ್ಕ. ಆಕೆಯನ್ನು ಕೊಟ್ಟಿದ್ದು ಮಾಸೂರಿನಾಚೆ, ಮದಗದ ಕೆರೆಯ ದಂಡೆಯ ಒಂದು ಹಳ್ಳಿಗೆ. ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಬಾಯಿ ತೊಳೆದುಕೊಳ್ಳಬೇಕಾಗುತ್ತದೆ. ಮಕ್ಕಳಾಗಲಿಲ್ಲ ಎಂದು, ನಾನಿನ್ನೂ ಹುಟ್ಟುವ ಮೊದಲೇ, ಆ ಮನೆಯವರು ಆಕೆಯನ್ನು ಹೊರಗೆ ಹಾಕಿದರು. ಗಂಡನ ತಾಯಿ, ಆ ಮುದುಕಿ, ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಸಿಕೊಂಡಳು. ಎಡಗಿವಿಯ ಬೆಂಡೋಲೆಯ ತಿರುಪು ಬಿಗಿಯಾಗಿತ್ತು. ಬಿಚ್ಚಲು ಬಾರದಿದ್ದಾಗ ಹಿಡಿದು ಜಗ್ಗಿದಳು, ಕಿವಿ ಹರಿಯಿತು. ಬಲಗಿವಿಗೆ ಕೈ ಹಾಕುವಷ್ಟರಲ್ಲಿ ಮಗನಿಗೆ ಎರಡನೆಯ ಹೆಣ್ಣು ಕೊಡುವ ಬೀಗರ ಬಂಡಿ ಓಣಿಯಲ್ಲಿ ಬಂತು. ಆ ಗಡಿಬಿಡಿಯಲ್ಲಿ ಬಲಗಿವಿಯದು ಉಳಿಯಿತು, ಮುದುಕಿಯ ಪುಣ್ಯದಿಂದಲ್ಲ.

ನಮ್ಮ ಕಡೆ ಮುತ್ತೈದೆ ಮನೆಯಿಂದ ಹೊರಟರೆ ಉಡಿ ತುಂಬಿ ಕಳಿಸುತ್ತಾರೆ. ವೈರಿಯ ಮಗಳಾದರೂ ಸರಿ, ಸೆರಗಿಗೆ ಒಂದು ಹಿಡಿ ಅಕ್ಕಿ, ಒಂದು ಬಟ್ಟಲು ಕೊಬ್ಬರಿ ಬೀಳಲೇಬೇಕು. ಅತ್ತೆ ಬರಿಯ ಉಡಿಯಲ್ಲಿ, ರಕ್ತ ಸೋರುವ ಕಿವಿಯನ್ನು ಸೆರಗಿನಲ್ಲಿ ಒತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೀಗರು ಬಂಡಿಯಿಂದ ಇಳಿದು ಕೇಳಿದರು, "ಈಕಿ ಯಾರ್ರಿ? ಹಿಂಗ್ಯಾಕ ನಿಂತಾಳ?"

"ಯಾರೋ ಏನೋ. ನಮಗ ಗುರುತಿಲ್ಲ. ನೀವು ಒಳಗ ಬರ್ರಿ," ಎಂದಳು ಮುದುಕಿ.

ಗಂಡ ಎನ್ನಿಸಿಕೊಂಡವನು ಪಡಸಾಲೆಯಲ್ಲೇ ಕೂತಿದ್ದ. ಎಲೆಗೆ ಸುಣ್ಣ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ಕಿವಿ ಹರಿದದ್ದಕ್ಕಿಂತ ಆ ಮಾತು ಅತ್ತೆಗೆ ಹೆಚ್ಚು ನೋವಾಗಿ ಉಳಿಯಿತು. ನಮ್ಮ ಮನೆಗೆ ಬಂದ ಮೇಲೆ ಅಳಲಿಲ್ಲವಂತೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳಂತೆ. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದೂ ಅದನ್ನೇ. ಹಿಟ್ಟಿನ ಮೇಲೆ ಆಕೆಯ ಅಂಗೈ ಬೀಳುವ ಸಪ್ಪಳ ನಾಲ್ಕು ಮನೆಗೆ ಕೇಳುತ್ತಿತ್ತು.

"ಯಾರನ್ನ ಹಿಂಗ ಬಡಿಯಾಕತ್ತೀ ಅತ್ತಿ?" ಎಂದು ನಾನು ಕೇಳಿದರೆ, "ನಿನಗ್ಯಾಕ ಬೇಕು? ರೊಟ್ಟಿ ತೆಳ್ಳಗ ಬಂದಾವೋ ಇಲ್ಲೋ?" ಎನ್ನುತ್ತಿದ್ದಳು. ರೊಟ್ಟಿ ಹಾಳೆಯಂತೆ ತೆಳ್ಳಗೆ ಬರುತ್ತಿದ್ದವು.

ನಮ್ಮನ್ನು ಬೆಳೆಸಿದ್ದು ಆಕೆಯೇ. ಬೈಗುಳವೂ ಆಕೆಯದೇ, ಬೆಲ್ಲವೂ ಆಕೆಯದೇ. ಜಾರಿ ಬಿದ್ದರೆ ಮೊದಲು ಬೆನ್ನಿಗೊಂದು ಗುದ್ದು, ಆಮೇಲೆ ಅರಿಶಿನ. ಸಂಜೆ ಹೊಸ್ತಿಲ ಬಳಿ ನಮ್ಮ ಕೆನ್ನೆ ಸವರಿ ತನ್ನ ಹಣೆಗೆ ಬೆರಳು ಒತ್ತಿ ಲಟಲಟ ಎನಿಸಿ ದೃಷ್ಟಿ ತೆಗೆಯುವಾಗ ಮಾತ್ರ ಸುಮ್ಮನಿರುತ್ತಿದ್ದಳು.

ನನಗೆ ಹತ್ತು ವರ್ಷವಾದಾಗ, ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ, ರಟ್ಟೀಹಳ್ಳಿ ಸಂತೆಯಿಂದ ಒಂದು ಸುದ್ದಿ ಬಂತು. ಎರಡನೆಯವಳಿಗೂ ಮಕ್ಕಳಾಗಿಲ್ಲ, ಆಕೆಯನ್ನೂ ಬಂಜೆ ಎಂದು ಕರೆದು ಮುದುಕಿ ಮೂರನೆಯ ಹೆಣ್ಣು ಹುಡುಕುತ್ತಿದ್ದಾಳೆ, ದೀಪಾವಳಿ ಕಳೆದರೆ ಆ ಹುಡುಗಿಯೂ ಹೊರಗೆ. ಅತ್ತೆ ಮೊದಲು ನಕ್ಕಳು. ಆಮೇಲೆ ಬಹಳ ಹೊತ್ತು ಎಡಗಿವಿಯ ಸೀಳನ್ನು ತಿರುವುತ್ತ ಕೂತಳು.

"ತಮ್ಮಾ, ಹುಡುಗ್ರಿಗೆ ಸೂಟಿ ಐತಿ. ಮದಗದ ಕೆರಿ ತೋರಸ್ಕೊಂಡ ಬರ್ತೇನಿ," ಎಂದಳು ಅಪ್ಪನಿಗೆ.

"ನೋಡಿ ಸಂಜೀಗೆ ಬರ್ತೀರೇನು?"

"ಇಲ್ಲ. ನೀರಿನ ಮ್ಯಾಲ ಮನಿ ಮಾಡಿ ಇರ್ತೇವಿ."

ಅಪ್ಪ ಅಕ್ಕನ ಮಾತಿಗೆ ಎದುರಾಡುವವನಲ್ಲ. ಕೆರೆಯ ದಂಡೆಯಲ್ಲಿ ಅಂಬಿಗರ ಅಜ್ಜನೊಬ್ಬನಿದ್ದ. ಜನರನ್ನೂ ಕರುಗಳನ್ನೂ ದಾಟಿಸಲು ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹೊಡೆದಿದ್ದ. ಅಪ್ಪ ನಮ್ಮ ಸವಾರಿ ಬಂಡಿಯ ಮೇಲ್ಛಾವಣಿ, ಆ ಕೊಲ್ಲಾರಿಯನ್ನು, ಬಿದಿರಿನ ಕಮಾನು, ಚಾಪೆ ಸಮೇತ ಎತ್ತಿ ಆ ಹಲಗೆಗಳ ಮೇಲೆ ಕಟ್ಟಿಸಿದ. ಮುಂದೆ ಮಣ್ಣು ಮೆತ್ತಿ ಒಲೆ ಹೂಡಿದರು. ಹಿಂದೆ ಹಾಸಿಗೆ, ಜೋಳದ ಹಿಟ್ಟಿನ ಡಬ್ಬಿ, ಉಪ್ಪಿನಕಾಯಿ ಭರಣಿ. ನಾವು ಐದು ಮಕ್ಕಳು. ಎಲ್ಲರಿಗಿಂತ ಸಣ್ಣ ತಮ್ಮನಿಗೆ ಮೂರು ವರ್ಷ. ಅತ್ತೆ ಪ್ರತಿಯೊಬ್ಬರ ಸೊಂಟಕ್ಕೂ ಕರು ಕಟ್ಟುವ ಕಣ್ಣಿ ಕಟ್ಟಿ, ಇನ್ನೊಂದು ತುದಿಯನ್ನು ಕೊಲ್ಲಾರಿಯ ಬಿದಿರಿಗೆ ಬಿಗಿದಳು. ತಮ್ಮನ ಹಗ್ಗಕ್ಕೆ ಕರುವಿನ ಗಂಟೆಯನ್ನೂ ಹಾಕಿದಳು. ಗಂಟೆ ನಿಂತರೆ ಅವನು ನಿದ್ದೆ ಮಾಡಿದ್ದಾನೆ ಎಂದರ್ಥ, ಇಲ್ಲವೇ ಏನೋ ತಿನ್ನಬಾರದ್ದನ್ನು ತಿನ್ನುತ್ತಿದ್ದಾನೆ.

ಅಪ್ಪನ ಗುರುತು ಆ ಮನೆಯವರಿಗಿತ್ತು. ಅದಕ್ಕೇ ಅತ್ತೆ ಅವನನ್ನು ದಂಡೆಯಿಂದಲೇ ಹಿಂದಕ್ಕೆ ಕಳಿಸಿದಳು. ದೋಣಿ ನಾಲ್ಕು ಮಾರು ಸರಿದ ಮೇಲೆ ನಮ್ಮನ್ನು ಹತ್ತಿರ ಕರೆದಳು.

"ಕೇಳ್ರಿಲೇ ಇಲ್ಲಿ. ನೀರಿನ ಮ್ಯಾಲ ಇರೂತನಾ ಯಾರೂ ನನಗ ಅತ್ತಿ ಅನ್ನಬ್ಯಾಡ್ರಿ. ಅವ್ವ ಅನ್ರಿ. ಬಾಯಾಗ ಅಲ್ಲ, ಗುಡ್ಡಕ್ಕ ಕೇಳಬೇಕು."

"ನಮ್ಮವ್ವ ಸಿಟ್ಟಾಗಂಗಿಲ್ಲೇನು?" ಎಂದೆ ನಾನು. ಅವ್ವ ಆರನೆಯ ಬಾಣಂತನಕ್ಕೆಂದು ಹಂಸಭಾವಿಯ ತವರಿಗೆ ಹೋಗಿದ್ದಳು.

"ನಿಮ್ಮವ್ವನ್ನ ಕೇಳೇ ಬಂದೇನಿ. ಐದಕ್ಕ ಐದೂ ಒಯ್ಯಿ, ಹೊಳ್ಳಿ ತಂದ ಕೊಟ್ರ ಸಾಕು ಅಂದಾಳ."

ಇನ್ನೇನು ಬೇಕು! ನನಗೆ ಆಗಲೇ ಎಲ್ಲ ತಿಳಿಯುತ್ತಿತ್ತು. ಆ ಕಿವಿಯ ಸೀಳಿನ ಕತೆ ಕೇಳುತ್ತಲೇ ಬೆಳೆದವಳು ನಾನು. ಎಲ್ಲರಿಗಿಂತ ಜೋರಾಗಿ ಕೂಗಿದವಳೂ ನಾನೇ. ಎರಡು ಗುಡ್ಡಗಳ ನಡುವೆ ತುಂಬಿ ನಿಂತ ಕೆರೆ ಅದು. ಒಮ್ಮೆ "ಅವ್ವಾ" ಎಂದರೆ ಗುಡ್ಡವೂ ಅವ್ವಾ ಎನ್ನುತ್ತಿತ್ತು. ಅಜ್ಜ ಬಿದಿರಗಳ ಊರುತ್ತ ಊರುತ್ತ ದೋಣಿಯನ್ನು ಆ ಮನೆಯ ಹಿತ್ತಿಲ ನೇರಕ್ಕೆ ತಂದು ನಿಲ್ಲಿಸಿದ. ಅಲ್ಲಿಯೇ ನಾವು ಸಂಸಾರ ಹೂಡಿದೆವು. ಅತ್ತೆಯ ರೊಟ್ಟಿಯ ಸಪ್ಪಳ ನೀರಿನ ಮೇಲೆ ಆ ಹಿತ್ತಿಲಿಗೆ ಹೋಗಿ ಬಡಿಯುತ್ತಿತ್ತು. ಅವ್ವಾ ಹಸಿವು, ಅವ್ವಾ ಇವನು ಚಿವುಟಿದ, ಅವ್ವಾ ಅಲ್ಲಿ ನೀರುಹಾವು! ಇಡೀ ದಿನ ಅದೇ. ಮಧ್ಯಾಹ್ನ ತಮ್ಮ ಆಕೆಯ ತೊಡೆಯ ಮೇಲೆ ಮಲಗಿ, ಕಿವಿಯ ಸೀಳಿನಲ್ಲಿ ಬೆರಳಿಟ್ಟುಕೊಂಡು ನಿದ್ದೆ ಹೋಗುತ್ತಿದ್ದ. ಕಾಲು ಜೋಮು ಹಿಡಿದರೂ ಅತ್ತೆ ಅಲ್ಲಾಡುತ್ತಿರಲಿಲ್ಲ. ಆಗ ಆಕೆಗೆ ಎದುರಿನ ಮನೆಯ ನೆನಪೂ ಇರುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಬಟ್ಟೆ ಒಗೆಯಲು ಬಂದ ಹೆಂಗಸರು ಅತ್ತೆಯ ಗುರುತು ಹಿಡಿದು, ಮಕ್ಕಳು ಯಾರವೆಂದು ಅಜ್ಜನನ್ನು ಕೇಳಿದರು. "ಅವ್ವ ಅಂತಾವ. ಅವ್ವನ ಇರಬೇಕು. ನನಗೇನ ಗೊತ್ತು?" ಎಂದ ಆ ಪುಣ್ಯಾತ್ಮ. ಅಷ್ಟು ಸಾಕಾಯಿತು. ಬಿಟ್ಟು ಬಂದ ಹೆಂಗಸು ಮತ್ತೊಬ್ಬನ ಸೀರೆ ಉಟ್ಟು ಸಂಸಾರ ಮಾಡುವುದಕ್ಕೆ ನಮ್ಮ ಕಡೆ ಉಡಿಕೆ ಎನ್ನುತ್ತಾರೆ. ಆಕೆ ಉಡಿಕೆಯಾಗಿದ್ದಾಳಂತೆ, ಐದು ಹಡೆದಿದ್ದಾಳಂತೆ ಎಂದು ಊರು ತಾನೇ ಲೆಕ್ಕ ಹಾಕಿಕೊಂಡಿತು. ಮೊದಲನೆಯವಳಿಗೆ ಐದು. ಎರಡನೆಯವಳಿಗೆ ಒಂದೂ ಇಲ್ಲ. ಹಾಗಾದರೆ ಕೊರತೆ ಯಾರದು? ಈ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಒಗೆಯುವ ಕಲ್ಲಿನ ಮೇಲೆ ತಾನಾಗಿ ಹುಟ್ಟಿಕೊಂಡಿತು.

ದೀಪಾವಳಿಯ ಮೊದಲ ದಿನ ನೀರು ತುಂಬುವ ಹಬ್ಬ. ಹಂಡೆ, ಕೊಡ ಬೆಳಗಿ, ಹೊಸ ನೀರು ತರಲು ಮನೆಮನೆಯ ಹೆಂಗಸರು ಕೆರೆಗೆ ಬರಲೇಬೇಕು. ಅತ್ತೆ ಕಾದಿದ್ದು ಇದಕ್ಕೇ. ಅಂದು ತಲೆ ಬಾಚಿ, ಎಡಗಿವಿ ಚೆನ್ನಾಗಿ ಕಾಣುವಂತೆ ತುರುಬು ಕಟ್ಟಿ, ದೋಣಿಯನ್ನು ಮೆಟ್ಟಿಲ ಹತ್ತಿರಕ್ಕೆ ತರಿಸಿದಳು. ನಮ್ಮನ್ನು ಸಾಲಾಗಿ ಕೂರಿಸಿ ತಲೆಗೆ ಎಣ್ಣೆ ಒತ್ತತೊಡಗಿದಳು.

ಮುದುಕಿ ಬಂದಳು. ಕಂಕುಳಲ್ಲಿ ತಾಮ್ರದ ಕೊಡ, ಹಿಂದೆ ತಲೆ ತಗ್ಗಿಸಿದ ಎರಡನೆಯ ಸೊಸೆ. ಮೆಟ್ಟಿಲ ತುಂಬ ಹೆಂಗಸರು. ಅತ್ತೆಯನ್ನು ಕಂಡದ್ದೇ ಮುದುಕಿ ನಿಂತುಬಿಟ್ಟಳು.

"ಏ, ಯಾರ ಮಕ್ಕಳಿವು?"

ಅತ್ತೆ ಎಣ್ಣೆ ತಿಕ್ಕುತ್ತಲೇ ಇದ್ದಳು.

"ನಿನ್ನ ಕೇಳಾಕತ್ತೇನಿ! ಯಾರಿಗೆ ಹಡದಿ ಇವನ್ನ?"

"ನಿಮ್ಮ ಕಿವಿ ಎರಡೂ ನೆಟ್ಟಗ ಅದಾವಲ್ಲ? ಅವು ನನಗ ಏನಂತಾವು ಕೇಳ್ರಿ."

ಅಷ್ಟರಲ್ಲಿ ತಮ್ಮ ಮುದುಕಿಯ ದನಿಗೆ ಹೆದರಿ ಗಂಟೆ ಬಾರಿಸಿಕೊಂಡು ಓಡಿ ಬಂದು ಅತ್ತೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. "ಅವ್ವಾ, ಆ ಮುದಿಕಿ ಯಾರಬೇ?" ಎಂದ.

ಅತ್ತೆ ತಲೆ ಎತ್ತಿ ಮುದುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹತ್ತು ವರ್ಷಕ್ಕೂ ಮೇಲೆ ರೊಟ್ಟಿಯ ಜೊತೆ ಬಡಿದು ಬಡಿದು ತೆಳ್ಳಗೆ ಮಾಡಿದ ಮಾತು ಅದು. ನಿಧಾನವಾಗಿ ಹೇಳಿದಳು.

"ಯಾರೋ ಏನೋ ಮಗನ. ನಮಗ ಗುರುತಿಲ್ಲ."

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮತ್ತೊಬ್ಬಳು, "ಈಗರ ಗೊತ್ತಾತಲ್ಲ, ಕೊರತಿ ಯಾರಿಗೈತಿ ಅಂತ!" ಎಂದಳು. ಮುದುಕಿ ಕೊಡ ಮುಳುಗಿಸಲೂ ಇಲ್ಲ. ನೀರು ತುಂಬುವ ಹಬ್ಬದ ದಿನ ಬರಿಗೊಡ ಹೊತ್ತು ಮನೆಗೆ ಹೋದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಕಣ್ಣಿ ಬಿಚ್ಚಿ ಕುಣಿಯಬೇಕೆನ್ನಿಸಿತು. ಈಗಲೂ ಅದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ. ಹೀಗನ್ನಬಾರದು ಎನ್ನುವವರು ಒಮ್ಮೆ ಕಿವಿ ಹರಿಸಿಕೊಂಡು ಬರಲಿ.

ಮರುದಿನ ಬೆಳಿಗ್ಗೆ ಅತ್ತೆ ನಮಗೆ ನೀರು ಎರೆಯುತ್ತಿದ್ದಳು. ಕಣ್ಣಿಗೆ ಸೀಗೆಕಾಯಿ ಬಿದ್ದು ಐವರೂ ಅವ್ವಾ ಎಂದು ಬೊಬ್ಬೆ ಹೊಡೆಯುತ್ತಿದ್ದೆವು. ಆಗ ಎರಡನೆಯ ಸೊಸೆ ಒಬ್ಬಳೇ ಬಂದು, ಸೊಂಟಮಟ ನೀರಿಗಿಳಿದು ದೋಣಿಯ ಹಲಗೆ ಹಿಡಿದುಕೊಂಡಳು. ಅತ್ತೆ ಒದ್ದು ಕಳಿಸುತ್ತಾಳೆ ಎಂದು ನಾನು ಕಾಯುತ್ತಿದ್ದೆ. ನಾನಾಗಿದ್ದರೆ ಬೆರಳ ಮೇಲೆ ಕಾಲಿಡುತ್ತಿದ್ದೆ.

"ಅಕ್ಕಾ, ಖರೇ ಹೇಳು. ಇವು ನಿನ್ನ ಹೊಟ್ಟೀವೇನು?" ಎಂದಳು ಆಕೆ.

ಅತ್ತೆ ಸುತ್ತ ನೋಡಿ ದನಿ ತಗ್ಗಿಸಿದಳು. "ಅಲ್ಲ. ನನ್ನ ತಮ್ಮನ ಮಕ್ಕಳು. ಆದ್ರ ನೀ ಇದನ್ನ ಬಾಯಿ ಬಿಡಬ್ಯಾಡ. ಕೊರತಿ ಯಾರದು ಅನ್ನೂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಊರು ಗಂಡಿಂದು ಅಂತ ತಿಳಕೊಂಡೈತಿ. ತಿಳಕೊಳ್ಳಲಿ. ಇನ್ನ ಆ ಮನಿಗೆ ಮೂರನೇ ಹೆಣ್ಣು ಯಾರೂ ಕೊಡಂಗಿಲ್ಲ. ನಿನ್ನ ಹೊರಗ ಹಾಕಂಗಿಲ್ಲ."

"ನಿನ್ನ ಹೆಸರು ಕೆಡತೈತಲ್ಲ ಅಕ್ಕಾ? ಉಡಿಕಿ ಆಗ್ಯಾಳ ಅಂತಾರ."

"ಅನ್ನಲಿ ಬಿಡು. ಬಂಜಿ ಅನ್ನೂದಕ್ಕಿಂತ ಛಲೋ ಐತಿ."

ಆಕೆ ಹಲಗೆಗೆ ಹಣೆಯಿಟ್ಟು ಅತ್ತಳು. ಅತ್ತೆ ಡಬ್ಬಿಯಿಂದ ಅಕ್ಕಿ, ಒಂದು ಬಟ್ಟಲು ಕೊಬ್ಬರಿ, ಹಬ್ಬಕ್ಕೆ ತಂದ ಬೆಲ್ಲ ತೆಗೆದು ಆಕೆಯ ಒದ್ದೆ ಸೆರಗಿಗೆ ಹಾಕಿದಳು. "ನಾ ಬರೇ ಉಡೀಲೆ ಬಂದೆ. ನೀ ಹಂಗ ಹೋಗಬ್ಯಾಡ," ಎಂದಳು. ಸೇಡು ತೀರಿಸಲು ಬಂದವಳು ಸವತಿಗೆ ಉಡಿ ತುಂಬಿದ್ದು ನನಗೆ ಅಂದು ಸೇರಲಿಲ್ಲ. ಬೆಲ್ಲವೆಲ್ಲ ಹೋಯಿತಲ್ಲ ಎಂಬ ಸಂಕಟವೂ ಇತ್ತು.

ಹಬ್ಬ ಮುಗಿದ ಮೇಲೆ ಅಪ್ಪ ಬಂಡಿ ತಂದ. ದಂಡೆಗೆ ಕಾಲಿಡುತ್ತಲೇ ಅತ್ತೆ ನಮ್ಮ ಕಣ್ಣಿ ಬಿಚ್ಚಿ, "ಇನ್ನ ನಾ ಅತ್ತಿ," ಎಂದಳು. ನಾಲ್ವರು ಬದಲಾದೆವು. ತಮ್ಮ ಬದಲಾಗಲಿಲ್ಲ. ಹಂಸಭಾವಿಯಿಂದ ಅವ್ವ ಬಂದ ಮೇಲೂ ಅವನು ಇಬ್ಬರಿಗೂ ಅವ್ವ ಎನ್ನುತ್ತಿದ್ದ. "ಅನ್ನಲಿ. ನನ್ನ ಗಂಟೇನ ಹೋಗತೈತಿ?" ಎಂದಳು ಅವ್ವ.

ಆ ಮನೆಗೆ ಮೂರನೆಯ ಹೆಣ್ಣು ಸಿಗಲಿಲ್ಲ. ಎರಡನೆಯವಳು ಅಲ್ಲೇ ಉಳಿದಳು, ಬಾಯಿ ಬಿಡಲೂ ಇಲ್ಲ. ನಮ್ಮ ಊರೇನು ದೂರವೇ? ಬಂದು ವಿಚಾರಿಸಿದ್ದರೆ ಅವರಿಗೆ ನಿಜ ಗೊತ್ತಾಗುತ್ತಿತ್ತು. ಆದರೆ ಕೇಳಿದರೆ ಏನು ಉತ್ತರ ಬಂದೀತೋ ಎಂಬ ಹೆದರಿಕೆಯಿಂದ ಅವರು ಕೇಳಲೇ ಇಲ್ಲ. ಮುದುಕಿ ಮೊಮ್ಮಕ್ಕಳ ಮುಖ ಕಾಣದೆ ಸತ್ತಳು. ಸುದ್ದಿ ಬಂದ ದಿನ ಅತ್ತೆ ರೊಟ್ಟಿ ಬಡಿಯಲಿಲ್ಲ, ನಮಗೆಲ್ಲ ಅನ್ನ ಮಾಡಿ ಹಾಕಿದಳು.

ಅದಾದ ಕೆಲವು ವರ್ಷಕ್ಕೆ, ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಅತ್ತೆ ಜ್ವರದಲ್ಲಿ ತೀರಿಕೊಂಡಳು. ಕೊನೆಯ ದಿನ ಎಡಗಿವಿಯನ್ನು ಮುಟ್ಟಿಕೊಂಡು, "ಹೊಲಿಸಬ್ಯಾಡ್ರಿ," ಎಂದಳು. ನಮ್ಮಲ್ಲಿ ಹೂಳುವ ಪದ್ಧತಿ. ಹೊಲದಲ್ಲಿ ಕುಣಿ ತೋಡಿ, ಒಬ್ಬೊಬ್ಬರಾಗಿ ಮಣ್ಣು ಹಾಕುತ್ತಿದ್ದೆವು. ತಮ್ಮ ಆಗ ಮೀಸೆ ಚಿಗುರುತ್ತಿದ್ದ ಹುಡುಗ. ಅವ್ವಾ ಅವ್ವಾ ಎಂದು ಅಳುತ್ತಿದ್ದ. ಅವನನ್ನು ಕೇಳಿ ಉಳಿದ ನಾವೂ ಹಾಗೆಯೇ ಕೂಗಿ ಅತ್ತೆವು. ನಮ್ಮವ್ವ ಪಕ್ಕದಲ್ಲೇ ನಿಂತು ಸೆರಗು ಬಾಯಿಗೊತ್ತಿಕೊಂಡಿದ್ದಳು.

ಆಗ ಬದುವಿನ ಮೇಲೆ ಒಬ್ಬ ಗಂಡಸು ಬಂದು ನಿಂತ. ನರೆತ ತಲೆ, ಬಾಗಿದ ಹೆಗಲು. ನಾನು ಅವನನ್ನು ಎಂದೂ ನೋಡಿರಲಿಲ್ಲ. ಅಪ್ಪನ ಮುಖ ನೋಡಿದೆ, ತಿಳಿಯಿತು: ಅಂದು ಎಲೆಗೆ ಸುಣ್ಣ ಹಚ್ಚುತ್ತ ತಲೆ ಎತ್ತದವನು. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಮುಂದೆ ಬಂದ. ನಾನು ಅಡ್ಡ ನಿಂತೆ.

"ಒಂದ ಹಿಡಿ ಮಣ್ಣ ಹಾಕಿ ಹೋಗ್ತೇನಿ ತಂಗಿ," ಎಂದ. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ದನಿ ಇಳಿಸಿ ಕೇಳಿದ, "ಕೆರಿಯಾಗ ಇದ್ದವರು ನೀವ ಏನು? ಐದೂ ಆಕೀವೇನು?"

ಅಪ್ಪ ಬಾಯಿ ತೆರೆದ. ಒಳ್ಳೆಯ ಮನುಷ್ಯ, ನಿಜ ಹೇಳಿಬಿಡುತ್ತಿದ್ದ. ನಾನು ಅವನತ್ತ ಕಣ್ಣು ಬಿಟ್ಟೆ. ಅಪ್ಪ ಬಾಯಿ ಮುಚ್ಚಿದ.

"ಕೇಳಿಲ್ಲೇನು? ಅವ್ವಾ ಅಂತ ಅಳಾಕತ್ತೇವಿ," ಎಂದೆ.

ಅವನ ಮುಖದಲ್ಲಿ ಉಳಿದಿದ್ದ ಇಷ್ಟು ಜೀವವೂ ಇಳಿದುಹೋಯಿತು. ಅಷ್ಟೂ ವರ್ಷ ಅದು ಸುಳ್ಳಿರಬಹುದು ಎಂದು ಎಲ್ಲೋ ಒಂದು ಆಸೆ ಇಟ್ಟುಕೊಂಡಿದ್ದನೋ ಏನೋ. ಊರ ಹಿರಿಯರೊಬ್ಬರು ಹತ್ತಿರ ಬಂದು, "ಯಾರವ್ವ ಇವರು? ಮಣ್ಣ ಹಾಕಾಕ ಬಂದಾರಲ್ಲ, ಬೇಕಾದವರೇನು?" ಎಂದು ನನ್ನನ್ನು ಕೇಳಿದರು.

ಅವನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದೆ.

"ಯಾರೋ ಏನೋ ರೀ. ನಮಗ ಗುರುತಿಲ್ಲ."

ಅವನು ಹಿಂದಿರುಗಿ ಬದು ಹಿಡಿದು ಹೊರಟ. ಮುಷ್ಟಿಯ ಮಣ್ಣು ದಾರಿಯುದ್ದಕ್ಕೂ ಬೆರಳ ಸಂದಿನಿಂದ ಉದುರುತ್ತಿತ್ತು. ನಾನು ಅದು ಮುಗಿಯುವವರೆಗೂ ನೋಡಿ, ಬಂದು ಅವ್ವನಿಗೆ ನನ್ನ ಪಾಲಿನ ಮಣ್ಣು ಹಾಕಿದೆ.