ಹುಡುಗನ ವಯಸ್ಸು ಕೇಳಿದವಳು

ಆಶಾ ಅಕ್ಕನ ಹಿಮ್ಮಡಿಯ ಬಿರುಕುಗಳಲ್ಲಿ ನಮ್ಮೂರು ಚಿಂತಾಕಿಯ ಕಪ್ಪು ಮಣ್ಣು ವರ್ಷವಿಡೀ ಕೂತಿರುತ್ತಿತ್ತು. ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆಯುಟ್ಟು ಊರಿನ ಬಸುರಿ, ಬಾಣಂತಿಯರ ಮನೆಗಳನ್ನೆಲ್ಲ ನಡೆದೇ ಸುತ್ತುವುದು ಅವಳ ಕೆಲಸ. ಪಕ್ಕದ ಮನೆಯವಳು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು, ಬಶಿಗೆ ಸುರಿದ ಚಹಾವನ್ನು ಸದ್ದು ಮಾಡಿ ಹೀರುತ್ತಾ ಅನ್ನುತ್ತಿದ್ದಳು: "ಹುಡುಗಿ ವಯಸ್ಸು ಎಲ್ಲಾರೂ ಕೇಳ್ತಾರ. ಹುಡುಗಂದು ಯಾರೂ ಕೇಳಂಗಿಲ್ಲ."

ನನ್ನ ಅಣ್ಣನ ವಯಸ್ಸನ್ನು ಕೇಳಿದವಳು ಅವಳೊಬ್ಬಳೇ. ಅಪ್ಪ ತೀರಿಕೊಂಡ ವರ್ಷವೇ ಅಣ್ಣ ಒಂಬತ್ತನೆಯ ತರಗತಿ ಬಿಟ್ಟು ಔರಾದಿನ ಟ್ರ್ಯಾಕ್ಟರ್ ಗ್ಯಾರೇಜು ಸೇರಿದ್ದ. ಪಗಾರ ಕೈಗೆ ಬಂದದ್ದೇ ಮನೆಯಲ್ಲಿ ಎಲ್ಲರೂ ಅವನನ್ನು ದೊಡ್ಡವನನ್ನಾಗಿ ಮಾಡಿದರು. ಅವನ ಜೊತೆ ಕೂಡುತ್ತಿದ್ದವರೂ ಮದುವೆಯಾದ ಗಂಡಸರೇ. ಅಪ್ಪನೂ ಹದಿನೆಂಟಕ್ಕೇ ಅಪ್ಪನಾಗಿದ್ದ. ಹಾಗಾಗಿ ಅಜ್ಜಿ "ಕಣ್ಣು ಮುಚ್ಚೂದ್ರಾಗ ಮರಿಮೊಮ್ಮಗನ್ನ ನೋಡಬೇಕು" ಎಂದು ಹಟ ಹಿಡಿದಾಗ ಯಾರಿಗೂ ವಿಚಿತ್ರವೆನಿಸಲಿಲ್ಲ.

ಅಕ್ಕ ಬಂದು ಅವ್ವನ ಮುಂದೆ ಕೂತಳು. "ವೈನಿ, ಅವಂಗ ಇನ್ನಾ ಹದಿನಾರು. ತಿರುಗಿ ಸಾಲಿಗಿ ಹಚ್ಚರಿ. ಮಾಸ್ತರಿಗಿ ನಾ ಹೇಳ್ತೇನಿ."

"ದುಡಿಯೋ ಗಂಡಮಗ. ಅವಂಗೇನಾಗ್ತದ?" ಎಂದಳು ಅವ್ವ.

"ಹಿಂಗಂತ ಬಿಟ್ಟೇ ಗಂಡುಹುಡುಗ್ರು ಹಾಳಾಗ್ತಾರರಿ, ವೈನಿ."

ಮದುವೆಗೆ ಗೊತ್ತುಮಾಡಿದ ಹುಡುಗಿ ಭಾತಂಬ್ರಾದವಳು, ಅವನಿಗಿಂತ ಒಂದು ವರ್ಷ ಚಿಕ್ಕವಳು. ಅಕ್ಕ ಅಧಿಕಾರಿಗಳಿಗೆ ತಿಳಿಸಿದಳು. ಅವರು ಬರುವಷ್ಟರಲ್ಲಿ ಗಡಿಯಾಚೆ, ಮಹಾರಾಷ್ಟ್ರದ ನೆಂಟರ ಊರಿನಲ್ಲಿ ಅಕ್ಷತೆ ಬಿದ್ದಾಗಿತ್ತು. ಅಂದಿನಿಂದ ನಮ್ಮ ಮನೆಯವರು ಅವಳ ಜೊತೆ ಮಾತು ಬಿಟ್ಟರು. ನಾನೂ ಬಿಟ್ಟೆ.

ಮರುವರ್ಷ ಅತ್ತಿಗೆಗೆ ಹೆರಿಗೆ ನೋವು ಕಾಣಿಸಿಕೊಂಡಾಗ, ಕರೆಯದಿದ್ದರೂ ನಮ್ಮ ಜೊತೆ ಬೀದರಿನ ಆಸ್ಪತ್ರೆಗೆ ಬಂದವಳು ಅವಳೇ. ಗಂಡುಮಗು ಉಳಿಯಿತು. ಅತ್ತಿಗೆ ಉಳಿಯಲಿಲ್ಲ. ಅಣ್ಣನಿಗೆ ಕೂಸನ್ನು ಎತ್ತಿಕೊಳ್ಳಲು ಬರುತ್ತಿರಲಿಲ್ಲ. ಎರಡೂ ಕೈ ಚಾಚಿ ಸುಮ್ಮನೆ ನಿಂತಿದ್ದ. "ತಲಿ ಕೆಳಗ ಕೈ ಹಿಡಿ, ತಮ್ಮಾ" ಎಂದು ಅಕ್ಕ ತೋರಿಸಿಕೊಟ್ಟಳು. ಮೊದಲೇ ಹೇಳಿದ್ದೆನಲ್ಲ ಎಂದು ಅವಳು ಅಂದೂ ಅನ್ನಲಿಲ್ಲ, ಮುಂದೆಯೂ ಅನ್ನಲಿಲ್ಲ. ಎರಡು ತಿಂಗಳಿಗೆ ಅಣ್ಣ ಹೈದರಾಬಾದಿಗೆ ದುಡಿಯಲು ಹೋದ. ಇಲ್ಲಿಯವರೆಗೆ ಮರಳಿ ಬಂದಿಲ್ಲ.

ಲಸಿಕೆಯ ದಿನ ಬಂದರೆ ಅಕ್ಕ ಬಾಗಿಲಿಗೆ ಬಂದು, ಮಾತಿಲ್ಲದೆ ಕೈ ಚಾಚಿ, ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದಳು. ಒಂದನ್ನೂ ತಪ್ಪಿಸಲಿಲ್ಲ.

ಹೋದ ವರ್ಷ ಅವಳ ಕಿಡ್ನಿ ಕೆಟ್ಟಿತು. ಹಾಸಿಗೆ ಹಿಡಿದಾಗ ನೋಡಲು ಹೋದೆ. ಹೊದಿಕೆ ಸರಿಮಾಡಿ ಪಕ್ಕದಲ್ಲಿ ಕೂತೆ. ಅವಳೇ ಕೇಳಿದಳು: "ಹುಡುಗ ಸಾಲಿಗಿ ಹೋಗ್ತಾನಿಲ್ಲೋ?"

"ಹೋಗ್ತಾನರಿ, ಅಕ್ಕಾ."

ಅವಳು ಕಣ್ಣು ಮುಚ್ಚಿಕೊಂಡಳು. ಮೂರನೆಯ ದಿನ ತೀರಿಕೊಂಡಳು. ನಾನು ಹೇಳಿದ್ದು ಸುಳ್ಳು. ಅಣ್ಣನ ಹದಿನಾಲ್ಕು ವರ್ಷದ ಮಗ ಶಾಲೆ ಬಿಟ್ಟು, ಜೆಸಿಬಿ ಮೇಲೆ ಕ್ಲೀನರ್ ಆಗಿ ಆಗಲೇ ಎರಡು ತಿಂಗಳಾಗಿತ್ತು.